ನಾಲ್ಕು ಬೆರಳು

ಸಮುದ್ರ ಬಾಗಿಲು ಹಾಕಿದ ದಿನವೇ
ಶಾಲೆ ಬಾಗಿಲು ತೆಗೆಯುತ್ತದೆ, ನಮ್ಮ ಕಡೆ.
ಜೂನ್ ಒಂದಕ್ಕೆ ಬೋಟುಗಳೆಲ್ಲ ಧಕ್ಕೆಯಲ್ಲಿ
ಒಂದಕ್ಕೊಂದು ತಾಗಿ ನಿಲ್ಲುತ್ತವೆ
ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ.
ಇವರು ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಹೊಲಿಯುತ್ತಾರೆ,
ಏನು ಕೇಳಿದರೂ ಆಗಸ್ಟ್ ಅನ್ನುತ್ತಾರೆ.
ಗ್ಯಾಸಿಗೆ ಆಗಸ್ಟ್. ಮಾಡಿನ ಶೀಟಿಗೆ ಆಗಸ್ಟ್.

ಶಾಲೆಗೆ ಆಗಸ್ಟ್ ಆಗುವುದಿಲ್ಲ.
ಚೀಟಿ ಬಂದಿದೆ: ಚೌಕುಳಿಯದು ಎರಡು ಜೊತೆ,
ಬುಧವಾರಕ್ಕೆ ಬಿಳಿ, ಬಿಳಿಗೆ ಬಿಳಿಯೇ ಬೂಟು,
ಶನಿವಾರಕ್ಕೆ ಹೌಸಿನ ಬಣ್ಣದ ಟೀಶರ್ಟು.
ಚಾರ್ವಿ ಹಳದಿಯಂತೆ. ಅವಳ ಅಕ್ಕ ಹಸಿರು.
ಒಂದೇ ಹೊಟ್ಟೆಯ ಮಕ್ಕಳು ಎರಡು ಬಣ್ಣ ಹೇಗಾದರು
ಎಂದು ಕೇಳಿದೆ.
ಕಂಪ್ಯೂಟರ್ ಹಾಕಿದ್ದು, ಎಂದರು ಆಫೀಸಿನ ಮೇಡಂ.

ಲಿಖಿತಾಳ ಸ್ಕರ್ಟು ಮೂರು ವರ್ಷ ಇಟ್ಟಿದ್ದೆ
ಕಪಾಟಿನ ಅಡಿಯಲ್ಲಿ, ನುಸಿಗುಳಿಗೆ ಹಾಕಿ,
ಬ್ಯಾಂಕಿನಲ್ಲಿ ಇಟ್ಟ ಹಾಗೆ ಇಟ್ಟಿದ್ದೆ.
ಈ ವರ್ಷ ಗೆರೆ ಬದಲಾಗಿದೆ.
ಹೆಚ್ಚೇನಿಲ್ಲ, ನೀಲಿಯ ಪಕ್ಕ ಒಂದು ಬೂದು ಎಳೆ
ಎರೆಮೀನಿನ ಮುಳ್ಳಿನಷ್ಟು ಸಪೂರ.
ಗಂಟಲಲ್ಲಿ ಉಂಟು ಅದು, ಈಗಲೂ.
ಅನ್ನ ಉಂಡೆ ಮಾಡಿ ನುಂಗಿದರೂ ಇಳಿಯುವುದಿಲ್ಲ.

ಬೆಂಗ್ರೆಯಿಂದ ಫೆರಿ ಹತ್ತಿ ಆಚೆ ಹೋದೆ
ಲಿಗೋರಿ ಟೈಲರರ ಅಂಗಡಿಗೆ.
ಏಳನೇ ಕ್ಲಾಸಿನವರೆಗೆ ನಾನು ಹಾಕಿದ್ದು
ಅವರು ಹೊಲಿದದ್ದೇ. ಆಗ ನೀಲಿ ಎಂದರೆ ನೀಲಿ,
ಯಾವ ಅಂಗಡಿಯಲ್ಲಿ ಕೇಳಿದರೂ ಅಳೆದು ಕೊಡುತ್ತಿದ್ದರು.
ಕನ್ನಡಕ ಹಣೆಗೇರಿಸಿ ಹಳೇ ಸ್ಕರ್ಟನ್ನು
ಬಲ್ಬಿಗೆ ಹಿಡಿದು ನೋಡಿದರು.
"ಹೊಲಿಗೆ ನನ್ನ ಕೈಯಲ್ಲಿ ಉಂಟು ಮಾರಾಯ್ತಿ,
ಬಟ್ಟೆ ಎಲ್ಲಿಂದ ತರಲಿ?
ಈ ಗೆರೆ ಥಾನಿನಲ್ಲಿ ಬರುವುದಿಲ್ಲ,
ಕೌಂಟರಿನಲ್ಲಿಯೇ ಹುಟ್ಟುವುದು."
ಹೊರಡುವಾಗ ನನ್ನ ಕೊಡೆಯ ಬಿಟ್ಟುಹೋದ ಕಡ್ಡಿಗೆ
ಎರಡು ಹೊಲಿಗೆ ಹಾಕಿ ಕೊಟ್ಟರು.
ದುಡ್ಡು ಹಿಡಿಯಲಿಲ್ಲ.

ಹೋದ ವರ್ಷ ಜೊತೆಗೆ ಸಾವಿರದ ಮುನ್ನೂರು,
ಈಗ ಸಾವಿರದ ಎಂಟುನೂರು.
ನೂರಕ್ಕೆ ಆರು ಬಂಗುಡೆ ಎಂದರೆ
ಕಾರಿನಿಂದ ಇಳಿಯದೆಯೇ ಏಳು ಕೇಳುತ್ತಾರೆ ಜನ,
ಬೈದುಕೊಂಡಾದರೂ ಏಳನೆಯದು ಹಾಕುತ್ತೇನೆ.
ಇಲ್ಲಿ ಗಾಜಿನ ಕಿಂಡಿ,
ಕೈ ಹೋಗುವಷ್ಟೇ ತೂತು.
ಒಂದೇ ಜೊತೆ ಸಾಕಾ, ಎಂದು ಕಿಂಡಿಗೆ ಬಗ್ಗಿ ಕೇಳಿದೆ.
"ನಿಮ್ಮಿಷ್ಟ."

ನನ್ನಿಷ್ಟವಂತೆ.
ಒಗೆದದ್ದು ಮೂರು ದಿನಕ್ಕೂ ಒಣಗದ ತಿಂಗಳಿದು.
ಫ್ರಿಜ್ಜಿನ ಹಿಂದೆ ತೂಗು ಹಾಕುತ್ತೇನೆ,
ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒತ್ತಿ ಹಬೆ ತೆಗೆಯುತ್ತೇನೆ.
ಹಸಿ ಹಾಕಿ ಕಳಿಸಿದರೆ ಮಗು ಕೆಮ್ಮುತ್ತದೆ,
ಬೇರೆ ಹಾಕಿ ಕಳಿಸಿದರೆ ಸಾಲಿನಿಂದ ಹೊರಗೆ.

ಎರಡು ತಂದೆ.
ಏಳು ವರ್ಷದವಳಿಗೆ ಹತ್ತರ ಸೈಜು.
ಬೆಂಡೋಲೆ ಸೊಸೈಟಿಯಲ್ಲಿದೆ,
ಕಿವಿ ಮುಚ್ಚಿಹೋಗದ ಹಾಗೆ ಹಿಡಿಸೂಡಿ ಕಡ್ಡಿ ಸಿಕ್ಕಿಸಿದ್ದೇನೆ.
ಲಿಖಿತಾಳಿಗೆ ಗೊತ್ತಾಗಿದೆ. ಏನೂ ಹೇಳಲಿಲ್ಲ,
ನನಗೆ ಟೀಶರ್ಟು ಹಳೆಯದೇ ಸಾಕು ಎಂದಳು,
ಬಿಗಿಯಾದದ್ದನ್ನು ಎಳೆದು ತೋರಿಸುತ್ತ.

ರಾತ್ರಿ ಕರೆಂಟು ಹೋಗಿತ್ತು.
ಚಾರ್ವಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ
ಸ್ಕರ್ಟಿನ ಅಂಚು ಒಳಗೆ ಮಡಚಿದೆ.
ಇವರು ಬಲೆ ಬದಿಗಿಟ್ಟು ಮೊಬೈಲಿನ ಬೆಳಕು ಹಿಡಿದರು.
"ಎಷ್ಟು ಮಡಚಿದೆ?"
"ನಾಲ್ಕು ಬೆರಳು."
"ಎಷ್ಟು ಆಗಸ್ಟ್ ಬಂದೀತು ಅದರಲ್ಲಿ?"
ಮೂರು ಎಂದೆ. ಆಮೇಲೆ, ಗೆರೆ ಬದಲಾಗದಿದ್ದರೆ, ಎಂದೆ.
ಬಾಯಲ್ಲಿ ಗುಂಡುಸೂಜಿ ಇತ್ತು, ಕೇಳಿಸಿತೋ ಇಲ್ಲವೋ.

ಸ್ಟೂಲಿನ ಮೇಲೆ ಚಾರ್ವಿ
ಬಲಗೈ ಎತ್ತಿದಳು. ಕೈ ಕಾಣಲಿಲ್ಲ,
ತೋಳಿನ ತುದಿ ಮಾತ್ರ ಜೋತು ಬಿದ್ದಿತ್ತು.
"ಪ್ರೆಸೆಂಟ್ ಟೀಚರ್," ಎಂದಳು
ಕತ್ತಲೆಗೆ.